ತುಂಬಿದ ಮನೆಯ ಸಂತೆ ಖರ್ಚು: ಹಗೇವಿನಿಂದ ಪಡಿತರ ಚೀಟಿಯವರೆಗೆ

ಯಾದಗಿರಿ ಜಿಲ್ಲೆಯ ಕೊಡೇಕಲ್ ಎಂದೊಡನೆ ನಾಡಿನ ಜನರಿಗೆ ನೆನಪಾಗುವುದು ಕಾಲಜ್ಞಾನ. ಕೊಡೇಕಲ್ ಬಸವಣ್ಣನ ಪರಂಪರೆಯ ಆ ವಚನಗಳು, ಅವನ್ನು ಬರೆದಿಟ್ಟ ‘ಅಮರಗನ್ನಡ’ ಎಂಬ ಗೂಢ ಲಿಪಿ, ಮುಂದೆ ಬರಲಿರುವ ಕಾಲದ ಬಗ್ಗೆ ಅವು ಹೇಳುವ ಮಾತು ಇವೆಲ್ಲ ವಿದ್ವಾಂಸರ ಕುತೂಹಲವನ್ನು ಕೆಣಕುತ್ತಲೇ ಬಂದಿವೆ. ಆದರೆ ಇದೇ ಸೀಮೆಯ ಒಕ್ಕಲು ಮನೆಗಳಲ್ಲಿ ಪ್ರತಿವರ್ಷ ಹಿಂಗಾರಿ ಸುಗ್ಗಿ ಮುಗಿದ ಮೇಲೆ ಇನ್ನೊಂದು ಬಗೆಯ ಕಾಲಜ್ಞಾನವೂ ನಡೆಯುತ್ತಿತ್ತು. ಮನೆಯಲ್ಲಿ ಬಾಯಿ ಎಷ್ಟು, ಕಣದಿಂದ ಬಂದ ಚೀಲ ಎಷ್ಟು, ಮುಂದಿನ ರಾಶಿಗೆ ಇನ್ನೆಷ್ಟು ಅಮಾವಾಸ್ಯೆ ಬಾಕಿ ಎಂಬ ಲೆಕ್ಕ ಅದು. ಅದಕ್ಕೆ ಲಿಪಿ ಇರಲಿಲ್ಲ. ಮನೆಯ ಹಿರಿಯ ಹೆಣ್ಣುಮಗಳು ಬೆರಳ ಗೆಣ್ಣಿನಲ್ಲೇ ಎಣಿಸಿ ಮುಗಿಸುತ್ತಿದ್ದಳು. ಲೆಕ್ಕ ತಪ್ಪಿದರೆ ಶ್ರಾವಣದ ಹೊತ್ತಿಗೆ ಸಾಹುಕಾರನ ಬಾಗಿಲು ತಟ್ಟಬೇಕಾಗುತ್ತಿತ್ತು.

ದೊಡ್ಡ ಸಂಸಾರದ ಸಂತೆ ಖರ್ಚನ್ನು ಹಿಡಿತದಲ್ಲಿಡುವುದು ಹೇಗೆ ಎಂಬುದು ಇಂದಿನ ಪಟ್ಟಣದ ಗೃಹಿಣಿಯರ ಪ್ರಶ್ನೆ ಮಾತ್ರವಲ್ಲ. ಸುರಪುರ, ಶಹಾಪುರ, ಕೊಡೇಕಲ್ ಸುತ್ತಿನ ಈ ನಾಡಿನಲ್ಲಿ ಅದಕ್ಕೆ ಹಲವು ತಲೆಮಾರುಗಳ ಇತಿಹಾಸವಿದೆ. ಮಳೆ ಕೈಕೊಡುವುದೇ ರೂಢಿಯಾಗಿದ್ದ, ಹಣ ಅಪರೂಪವಾಗಿದ್ದ, ಒಂದೇ ಒಲೆಯ ಮುಂದೆ ಹನ್ನೆರಡು, ಹದಿನೈದು ಮಂದಿ ಕೂಡುತ್ತಿದ್ದ ಮನೆಗಳು ಹೊಟ್ಟೆಯನ್ನೂ ಖರ್ಚನ್ನೂ ಸರಿದೂಗಿಸಿದ ಬಗೆ ಒಂದು ದೊಡ್ಡ ಕತೆ. ಆ ಉಳಿತಾಯ ಯಾರ ಹೊಟ್ಟೆಯಿಂದ ಬಂತು ಎಂಬುದು ಅದರ ಇನ್ನೊಂದು ಮಗ್ಗುಲು.

ಹನ್ನೆರಡು ಬಾಯಿಯ ಲೆಕ್ಕ

ಈ ಸೀಮೆಯ ಮುಖ್ಯ ಆಹಾರ ಬಿಳಿಜೋಳ. ಅಕ್ಕಿ ಹಬ್ಬಕ್ಕೆ, ಬೀಗರಿಗೆ, ಬಾಣಂತಿಗೆ, ಜ್ವರ ಬಂದವರಿಗೆ. ಉಳಿದ ದಿನವೆಲ್ಲ ರೊಟ್ಟಿ, ನುಚ್ಚು, ಅಂಬಲಿ. ಹೊಲದಲ್ಲಿ ದುಡಿಯುವ ಗಂಡಾಳು ಹೊತ್ತಿಗೆ ಮೂರು ನಾಲ್ಕು ರೊಟ್ಟಿ ಉಂಡರೆ ಮಕ್ಕಳು ಒಂದೊಂದರಲ್ಲಿ ಮುಗಿಸುತ್ತಾರೆ. ಸರಾಸರಿ ತಲೆಗೆ ದಿನಕ್ಕೆ 400 ಗ್ರಾಂ ಎಂದು ಹಿಡಿದರೂ ಹನ್ನೆರಡು ಮಂದಿಯ ಮನೆಗೆ ದಿನಕ್ಕೆ 4 ಕಿಲೊ 800 ಗ್ರಾಂ ಜೋಳ ಬೇಕು. ವರ್ಷಕ್ಕೆ ಅದು ಹದಿನೇಳೂವರೆ ಕ್ವಿಂಟಾಲ್ ಆಗುತ್ತದೆ. ಬೀಜಕ್ಕೆ ತೆಗೆದಿಡುವುದು, ಆಯಗಾರರಿಗೆ ಅಳೆದುಕೊಡುವುದು, ಬಂದುಹೋಗುವ ಬೀಗರು, ಜಂಗಮರು, ಜಾತ್ರೆಯ ದಾಸೋಹ ಎಲ್ಲ ಸೇರಿದರೆ ಇಪ್ಪತ್ತು ಚೀಲ. ಮಳೆಯನ್ನೇ ನಂಬಿದ ಎರೆಭೂಮಿಯಲ್ಲಿ ಎಕರೆಗೆ ಮೂರು ನಾಲ್ಕು ಕ್ವಿಂಟಾಲ್ ಬಂದರೆ ಅದೇ ಒಳ್ಳೆಯ ವರ್ಷ. ಅಂದರೆ ಐದಾರು ಎಕರೆ ಹೊಲ ಬರೀ ರೊಟ್ಟಿಗೇ ಮೀಸಲು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಈ ಇಪ್ಪತ್ತು ಚೀಲದಲ್ಲಿ ಒಂದು ಕಾಳೂ ಅಂಗಡಿಯಿಂದ ಬರುತ್ತಿರಲಿಲ್ಲ. ಬಡಿಗ, ಕಮ್ಮಾರ, ಹಡಪದ, ಕುಂಬಾರ ಇವರ ವರ್ಷದ ದುಡಿಮೆಗೆ ಕೂಲಿ ಕೊಡುತ್ತಿದ್ದುದೂ ಕಣದಲ್ಲೇ, ಕಾಳಿನ ರೂಪದಲ್ಲೇ. ಜೋಳದ ಹೊಲದ ನಡುವೆ ಅಕ್ಕಡಿ ಸಾಲಾಗಿ ಬಿತ್ತಿದ ಕುಸುಬಿಯನ್ನು ಗಾಣಕ್ಕೆ ಒಯ್ದರೆ ಮನೆಗೆ ಎಣ್ಣೆ ಬರುತ್ತಿತ್ತು. ತೊಗರಿಗೆ ಎಣ್ಣೆ ಸವರಿ, ಬಿಸಿಲಿಗೆ ಹಾಕಿ, ಕಲ್ಲಿನಲ್ಲಿ ಒಡೆದರೆ ಬೇಳೆ ಸಿದ್ಧ. ಗುರೆಳ್ಳು, ಅಗಸಿ, ಶೇಂಗಾ ಹುರಿದು ಕುಟ್ಟಿದರೆ ಹಿಂಡಿ. ಹೊಲದ ಬದುವಿನ ಪುಂಡಿ ಸೊಪ್ಪು, ಹಸಿಯಾಗಿಯೇ ತಿನ್ನುವ ಹಕ್ಕರಕಿ ಇವಕ್ಕೆ ಬೆಲೆಯೇ ಇರಲಿಲ್ಲ. ಒಂದು ಹಿಡಿ ತೊಗರಿಬೇಳೆ, ಒಂದು ಬೊಗಸೆ ಜೋಳದ ನುಚ್ಚು, ಒಂದು ಬುಟ್ಟಿ ಪುಂಡಿ ಸೊಪ್ಪು ಸೇರಿಸಿ ಮಾಡುವ ಪುಂಡಿಪಲ್ಯ ಇಂದು ಹೋಟೆಲುಗಳಲ್ಲಿ ‘ಉತ್ತರ ಕರ್ನಾಟಕದ ವಿಶೇಷ’ ಎನಿಸಿಕೊಂಡಿದೆ. ಮೂಲದಲ್ಲಿ ಅದು ಸ್ವಲ್ಪ ಬೇಳೆಯನ್ನು ಹದಿನೈದು ಮಂದಿಗೆ ಹಂಚುವ ಉಪಾಯ.

ಸಂತೆಯಿಂದ ತರಬೇಕಾಗಿದ್ದುದು ಉಪ್ಪು, ಬೆಲ್ಲ, ಸೀಮೆಎಣ್ಣೆ, ಎಲೆ ಅಡಿಕೆ, ತಂಬಾಕು, ಆಮೇಲಾಮೇಲೆ ಚಹಪುಡಿ ಮತ್ತು ಸಕ್ಕರೆ ಇಷ್ಟೇ. ‘ಕಿರಾಣಿ’ ಎಂದರೆ ಹಳೆಯ ಮನೆಗಳಲ್ಲಿ ಈ ಆರೇಳು ಪದಾರ್ಥ. ಚಹ ಬಂದ ಮೇಲೆ ಸಂತೆಯ ಚೀಲ ಭಾರವಾಯಿತೆಂದು ಹಿರಿಯರು ಗೊಣಗುತ್ತಿದ್ದುದಕ್ಕೆ ಕಾರಣವಿಲ್ಲದಿಲ್ಲ. ಹೊಲದಲ್ಲಿ ಬೆಳೆಯಲಾಗದ ಎರಡು ವಸ್ತುಗಳನ್ನು ಅದು ಒಮ್ಮೆಗೇ ದಿನನಿತ್ಯದ ಪಟ್ಟಿಗೆ ಸೇರಿಸಿತು.

ನೆಲದೊಳಗಿನ ಉಳಿತಾಯ ಖಾತೆ

ಬೆಳೆದದ್ದನ್ನು ಉಳಿಸಿಕೊಳ್ಳುವುದು ಬೆಳೆಯುವುದಕ್ಕಿಂತ ಕಷ್ಟ. ಇಲಿ, ಹುಳ, ಮಳೆ, ಬೆಂಕಿ, ಕಳ್ಳರು ಮತ್ತು ತೆರಿಗೆಯವರು ಇವರೆಲ್ಲರ ಕಣ್ಣು ಕಾಳಿನ ಮೇಲೆಯೇ. ಅದಕ್ಕೆ ಈ ಭಾಗದ ಜನ ಕಂಡುಕೊಂಡ ಉತ್ತರವೇ ಹಗೇವು.

ಹಗೇವು ಎಂದರೆ ನೆಲದೊಳಗಿನ ಕಣಜ. ಊರಿನಲ್ಲಿ ನೀರು ನಿಲ್ಲದ ಎತ್ತರದ ಜಾಗ, ಗಟ್ಟಿ ಗರಸು ಮಣ್ಣು ಇರುವ ಕಡೆ ನೋಡಿ ಇದನ್ನು ತೋಡುತ್ತಿದ್ದರು. ಕೆಲವು ಮನೆಗಳಲ್ಲಿ ಪಡಸಾಲೆಯ ಕೆಳಗೇ ಇರುತ್ತಿತ್ತು. ಕೆಲವೆಡೆ ಮನೆ ಮುಂದಿನ ಬಯಲಿನಲ್ಲಿ, ಗುಡಿಯ ಬಳಿ, ಒಂದರ ಪಕ್ಕ ಒಂದರಂತೆ. ಬಾಯಿ ಒಬ್ಬ ಆಳು ಇಳಿಯುವಷ್ಟು ಕಿರಿದು, ಹೊಟ್ಟೆ ಅಗಲ. ನೀರಿನ ಹೂಜಿಯನ್ನು ನೆಲದಲ್ಲಿ ಹೂತಂತೆ ಅದರ ಆಕಾರ. ತಳಕ್ಕೂ ಗೋಡೆಗೂ ಒಣ ಸೊಪ್ಪೆ, ಹುಲ್ಲು ದಪ್ಪಗೆ ಹಾಸಿ ಒಣಗಿದ ಜೋಳವನ್ನು ಸುರಿಯುತ್ತಿದ್ದರು. ಬಾಯಿಯ ಮೇಲೆ ಮತ್ತೆ ಹುಲ್ಲು ಮುಚ್ಚಿ, ಹಾಸುಗಲ್ಲು ಎಳೆದು, ಗಾಳಿ ಆಡದಂತೆ ಮಣ್ಣು ಮೆತ್ತುತ್ತಿದ್ದರು. ಸಣ್ಣ ಹಗೇವು ಇಪ್ಪತ್ತು ಮೂವತ್ತು ಚೀಲ ಹಿಡಿದರೆ ಗೌಡರ, ಸಾಹುಕಾರರ ಹಗೇವುಗಳು ನೂರು ಚೀಲವನ್ನೂ ನುಂಗುತ್ತಿದ್ದವು.

ಇದರ ಹಿಂದಿನ ವಿಜ್ಞಾನ ಸರಳವಾದದ್ದು. ಕಾಳಿಗೂ ಜೀವವಿದೆ, ಅದೂ ಉಸಿರಾಡುತ್ತದೆ. ಮುಚ್ಚಿದ ಗುಂಡಿಯೊಳಗಿನ ಆಮ್ಲಜನಕವನ್ನು ಕಾಳು ಮತ್ತು ಹುಳ ಸೇರಿ ಬೇಗನೆ ಮುಗಿಸುತ್ತವೆ. ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಹುಳ ಸಾಯುತ್ತದೆ, ಕಾಳು ಉಳಿಯುತ್ತದೆ. ಔಷಧ ಬೇಡ, ವಿದ್ಯುತ್ ಬೇಡ, ಬಾಡಿಗೆ ಬೇಡ. ಆದರೆ ಹುಳವನ್ನು ಕೊಂದ ಗಾಳಿ ಮನುಷ್ಯನನ್ನೂ ಬಿಡುವುದಿಲ್ಲ. ಹಗೇವು ತೆರೆದ ಕೂಡಲೇ ಇಳಿದವರು ಮೇಲೆ ಬಾರದೆ ಸತ್ತ ಪ್ರಸಂಗಗಳು ಈ ನಾಡಿನ ಊರೂರಲ್ಲೂ ಕೇಳಿಬರುತ್ತವೆ. ಆದ್ದರಿಂದ ಕಲ್ಲು ಸರಿಸಿ, ಬಹಳ ಹೊತ್ತು ಬಿಟ್ಟು, ದೀಪವನ್ನು ಹಗ್ಗದಲ್ಲಿ ಇಳಿಬಿಟ್ಟು ನೋಡುವುದು ರೂಢಿಯಾಯಿತು. ದೀಪ ಆರಿದರೆ ಇನ್ನೂ ಕಾಯಬೇಕು.

ಇದು ಕರ್ನಾಟಕದ್ದೇ ಆದ ಜಾಣ್ಮೆ ಎಂದು ಬೀಗುವಂತಿಲ್ಲ. ಕ್ರಿಸ್ತಪೂರ್ವ ಮೊದಲನೆಯ ಶತಮಾನದಲ್ಲಿ ಬೇಸಾಯದ ಬಗ್ಗೆ ಗ್ರಂಥ ಬರೆದ ರೋಮನ್ ವಿದ್ವಾಂಸ ವಾರೊ, ಕಪ್ಪಡೋಸಿಯ ಮತ್ತು ಥ್ರೇಸ್ ಪ್ರಾಂತ್ಯಗಳ ನೆಲಗುಂಡಿಗಳನ್ನು ವರ್ಣಿಸಿದ್ದಾನೆ. ತಳಕ್ಕೆ ಹುಲ್ಲು ಹಾಸಿ, ಗಾಳಿ ತಾಗದಂತೆ ಮುಚ್ಚಿದರೆ ಗೋಧಿ 50 ವರ್ಷ, ಸಿರಿಧಾನ್ಯ 100 ವರ್ಷಕ್ಕೂ ಮೇಲ್ಪಟ್ಟು ಉಳಿಯುತ್ತದೆ ಎಂಬುದು ಅವನ ಮಾತು. ಸ್ವಲ್ಪ ಉತ್ಪ್ರೇಕ್ಷೆ ಇರಬಹುದು. ಆದರೆ ಇಂಗ್ಲೆಂಡಿನ ಬಟ್ಸರ್ ಎಂಬಲ್ಲಿ 1970ರ ದಶಕದಲ್ಲಿ ಪುರಾತತ್ವಜ್ಞರು ಪ್ರಾಚೀನ ಮಾದರಿಯ ಗುಂಡಿ ತೋಡಿ, ಧಾನ್ಯ ತುಂಬಿ, ಚಳಿಗಾಲ ಕಳೆದ ಮೇಲೆ ತೆರೆದು ನೋಡಿ ವಿಧಾನ ಫಲಿಸುತ್ತದೆ ಎಂದು ತೋರಿಸಿದರು. ಕೊಡೇಕಲ್ ಸೀಮೆಯ ಒಕ್ಕಲಿಗನಿಗೆ ಆ ಪ್ರಯೋಗ ಹೊಸದೇನೂ ಆಗಿರಲಿಲ್ಲ.

ಹಗೇವಿನಲ್ಲಿ ಬಹಳ ಕಾಲ ಇದ್ದ ಜೋಳ ಬಣ್ಣಗೆಡುತ್ತದೆ, ಒಂದು ಬಗೆಯ ಹುಳಿವಾಸನೆ ಹಿಡಿಯುತ್ತದೆ. ರೊಟ್ಟಿ ತಟ್ಟುವಾಗ ಜಿಗಿ ಸಾಲದು. ಹೀಗಾಗಿ ಒಂದು ಕಟ್ಟುಪಾಡು ತಾನಾಗಿ ಬೆಳೆಯಿತು. ಹೊಸ ಜೋಳ ಮನೆಯವರ ತಾಟಿಗೆ, ಹಳೆಯ ಹಗೇವಿನ ಜೋಳ ಕೂಲಿಯವರ ಉಡಿಗೆ.

ಒಂದೇ ಒಲೆ

ಕೂಡು ಕುಟುಂಬ ಉಳಿದು ಬಂದದ್ದಕ್ಕೆ ಪ್ರೀತಿ, ಸಂಪ್ರದಾಯಗಳಷ್ಟೇ ಕಾರಣವಲ್ಲ, ಖರ್ಚೂ ಕಾರಣ. ನಾಲ್ವರು ಅಣ್ಣತಮ್ಮಂದಿರು ಬೇರೆಯಾದರೆ ನಾಲ್ಕು ಒಲೆ, ನಾಲ್ಕು ಚಿಮಣಿ ಬುಡ್ಡಿ, ನಾಲ್ಕು ಬೀಸುವ ಕಲ್ಲು, ನಾಲ್ಕು ಜತೆ ಎತ್ತು. ಕೂಡಿದ್ದರೆ ಎಲ್ಲವೂ ಒಂದು. ಬೆಂಕಿಗೆ ಹತ್ತು ರೊಟ್ಟಿಯೂ ಅಷ್ಟೇ, ನಲವತ್ತೂ ಬಹುಮಟ್ಟಿಗೆ ಅಷ್ಟೇ. ಕಾವಲಿ ಒಮ್ಮೆ ಕಾದರೆ ಸಾಕು. ಧಾರವಾಡ ತಾಲ್ಲೂಕಿನ ಲೋಕೂರಿನಲ್ಲಿ ನೂರಕ್ಕೂ ಹೆಚ್ಚು ಮಂದಿಯ ಕೂಡು ಕುಟುಂಬವೊಂದು ದೇಶವಿದೇಶಗಳ ಪತ್ರಿಕೆಗಳಲ್ಲಿ ಸುದ್ದಿಯಾದಾಗ ಓದುಗರಿಗೆ ಮೊದಲು ಮೂಡಿದ ಪ್ರಶ್ನೆ ಅವರ ಅಡುಗೆ ಹೇಗೆ ಎಂಬುದೇ.

ಬಯಲುಸೀಮೆಯಲ್ಲಿ ಕಟ್ಟಿಗೆ ಎಂದರೆ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಕುಳ್ಳು. ಅದನ್ನು ಉಳಿಸಲು ಹುಟ್ಟಿದ್ದು ಖಡಕ್ ರೊಟ್ಟಿ. ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಮನೆಯ ಹೆಂಗಸರೆಲ್ಲ ಕುಳಿತು ರೊಟ್ಟಿ ತಟ್ಟಿ, ತೆಳ್ಳಗೆ ಸುಟ್ಟು, ಒಣಗಿಸಿ, ಬುಟ್ಟಿಯಲ್ಲಿ ಪೇರಿಸಿಟ್ಟರೆ ತಿಂಗಳು ಕಳೆದರೂ ಕೆಡುವುದಿಲ್ಲ. ಬಿತ್ತನೆಯ, ರಾಶಿಯ ದಿನಗಳಲ್ಲಿ ಒಲೆ ಹೊತ್ತಿಸುವ ಗೋಜಿಲ್ಲ. ಹಿಂಡಿಯ ಜತೆ, ಮೊಸರಿನ ಜತೆ, ಏನೂ ಇಲ್ಲದಿದ್ದರೆ ಉಳ್ಳಾಗಡ್ಡಿ ಖಾರದ ಜತೆ ಊಟ ಮುಗಿಯುತ್ತದೆ. ಮುರಿದ ಚೂರುಗಳಿಗೆ ಒಗ್ಗರಣೆ ಕೊಟ್ಟು ಮಾಡಿದ ಮುರಿದ ರೊಟ್ಟಿಯೂ ಒಂದು ಪದಾರ್ಥವೇ. ಈ ಮನೆಗಳಲ್ಲಿ ‘ಉಳಿದದ್ದು’ ಎಂಬುದೇ ಇರಲಿಲ್ಲ, ಅದಕ್ಕೆ ಬೇರೆ ಹೆಸರು ಇರುತ್ತಿತ್ತು ಅಷ್ಟೆ.

ಆದರೆ ಈ ಲೆಕ್ಕದಲ್ಲಿ ಬರೆಯದ ಒಂದು ಖರ್ಚಿತ್ತು. ದಿನಕ್ಕೆ ಐದು ಕಿಲೊ ಜೋಳವನ್ನು ಬೀಸುವ ಕಲ್ಲಿನಲ್ಲಿ ಹಿಟ್ಟು ಮಾಡಲು ಕೋಳಿ ಕೂಗುವ ಮುನ್ನ ಎದ್ದ ಸೊಸೆಯಂದಿರ ರಟ್ಟೆಗೆ ಯಾರೂ ಕೂಲಿ ಕಟ್ಟಲಿಲ್ಲ. ಬೀಸುಕಲ್ಲಿನ ಪದಗಳನ್ನು ಜಾನಪದದ ಸಂಪತ್ತು ಎಂದು ಹೊಗಳುವ ವಿದ್ವಾಂಸರು, ಹಿಟ್ಟಿನ ಗಿರಣಿ ಊರಿಗೆ ಬಂದ ದಿನ ಆ ಪದಗಳನ್ನು ಹಾಡುತ್ತಿದ್ದವರೇ ಎಷ್ಟು ಹಿಗ್ಗಿದರು ಎಂಬುದನ್ನು ಬರೆಯುವುದು ಕಡಿಮೆ. ಊಟದ ಸರದಿಯೂ ಹಾಗೆಯೇ. ಮೊದಲು ಗಂಡಸರು, ಆಮೇಲೆ ಮಕ್ಕಳು, ಕೊನೆಗೆ ಹೆಂಗಸರು, ಅವರಲ್ಲೂ ಕಡೆಯವಳು ಕಿರಿಯ ಸೊಸೆ. ಬುಟ್ಟಿಯಲ್ಲಿ ರೊಟ್ಟಿ ಕಡಿಮೆ ಬಿದ್ದ ದಿನ ಯಾರ ತಾಟು ಸಣ್ಣದಾಗುತ್ತಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮನೆಯ ಖರ್ಚು ಉಳಿದದ್ದರಲ್ಲಿ ಇದರ ಪಾಲೂ ಉಂಟು.

ಹಗೇವು ಇಲ್ಲದವರು

ಹಗೇವಿನ ಕಾಲವನ್ನು ಸುವರ್ಣಯುಗ ಎಂದು ನೆನೆಯುವ ಮೊದಲು ಹಗೇವು ಎಷ್ಟು ಮನೆಗಳಿಗಿತ್ತು ಎಂದು ಕೇಳಬೇಕು. ಹೊಲವಿಲ್ಲದವನಿಗೆ ಹಗೇವು ಎಲ್ಲಿಂದ ಬರಬೇಕು? ಜೀತದಾಳು, ದಿನಗೂಲಿಯವರು, ತುಂಡುಹೊಲದ ರೈತರು ಮಳೆಗಾಲ ಬರುವ ಹೊತ್ತಿಗೆ ಬರಿಗೈಯಾಗುತ್ತಿದ್ದರು. ಅಂಥವರಿಗೆ ಸಾಹುಕಾರನ ಹಗೇವು ತೆರೆಯುತ್ತಿತ್ತು, ಆದರೆ ಸಾಲದ ಮೇಲೆ. ಕಾಳಿನ ಸಾಲಕ್ಕೆ ‘ಸವಾಯಿ’ ಎಂದರೆ ನಾಲ್ಕು ಚೀಲಕ್ಕೆ ಸುಗ್ಗಿಯಲ್ಲಿ ಐದು ಚೀಲ ಹಿಂದಿರುಗಿಸುವುದು. ‘ದೀಡಪಟ್ಟು’ ಎಂದರೆ ನಾಲ್ಕಕ್ಕೆ ಆರು. ಒಯ್ದದ್ದು ಹಳೆಯ ವಾಸನೆಯ ಜೋಳ, ತಿರುಗಿ ಕೊಡುವುದು ಹೊಸ ಜೋಳ. ಅದೂ ನಾಲ್ಕೈದು ತಿಂಗಳೊಳಗೆ.

ಕಿರಾಣಿ ಅಂಗಡಿಯ ‘ಉದ್ರಿ’ ಖಾತೆಯೂ ಇದೇ ಜಾತಿಗೆ ಸೇರಿದ್ದು. ಹಣವಿದ್ದವನು ಬೆಲ್ಲದ ಪೆಂಟಿಯನ್ನೇ ಸಂತೆಯಲ್ಲಿ ಚೌಕಾಸಿ ಮಾಡಿ ತರುತ್ತಾನೆ. ಇಲ್ಲದವನು ದಿನಾ ಛಟಾಕು ಲೆಕ್ಕದಲ್ಲಿ ಎಣ್ಣೆ, ಚಿಟಿಕೆ ಲೆಕ್ಕದಲ್ಲಿ ಚಹಪುಡಿ ಬರೆಸಿ ಒಯ್ಯುತ್ತಾನೆ. ಒಂದೇ ವಸ್ತು, ಬಡವನಿಗೆ ಹೆಚ್ಚು ಬೆಲೆ. ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಅರ್ನ್ಸ್ಟ್ ಎಂಗೆಲ್ 1857ರಲ್ಲಿ ಬೆಲ್ಜಿಯಂನ ದುಡಿಯುವ ಕುಟುಂಬಗಳ ಖರ್ಚಿನ ಪಟ್ಟಿಗಳನ್ನು ಕೂಡಿಸಿ ನೋಡಿ, ಸಂಸಾರ ಬಡವಾದಷ್ಟೂ ಅದರ ಆದಾಯದಲ್ಲಿ ಹೊಟ್ಟೆಗೆ ಹೋಗುವ ಪಾಲು ಹೆಚ್ಚು ಎಂದು ತೋರಿಸಿಕೊಟ್ಟ. ಅರ್ಥಶಾಸ್ತ್ರದಲ್ಲಿ ಅದು ಎಂಗೆಲ್ಲನ ನಿಯಮವೆಂದೇ ಹೆಸರಾಗಿದೆ. ಅಂಗಡಿಯ ಉದ್ರಿ ಪುಸ್ತಕ ಓದಿದ ಯಾರಿಗಾದರೂ ಅದು ಗೊತ್ತಿದ್ದ ವಿಷಯ.

ಎಂಗೆಲ್ ತನ್ನ ಪಟ್ಟಿ ಪ್ರಕಟಿಸಿದ ಮರುವರ್ಷವೇ, 1858ರಲ್ಲಿ, ಸುರಪುರದ ರಾಜಾ ವೆಂಕಟಪ್ಪ ನಾಯಕನ ಬಂಡಾಯ ಮುರಿದುಬಿತ್ತು. 1860ರಲ್ಲಿ ಬ್ರಿಟಿಷರು ಸಂಸ್ಥಾನವನ್ನು ಹೈದರಾಬಾದಿನ ನಿಜಾಮನಿಗೆ ಒಪ್ಪಿಸಿದರು. ಮುಂದೆ ಎರಡು ದಶಕ ಕಳೆಯುವುದರೊಳಗೆ 1876ರಿಂದ 1878ರವರೆಗಿನ ಮಹಾಕ್ಷಾಮ ದಖ್ಖನ್ನನ್ನು ಬಡಿಯಿತು. ಕೃಷ್ಣೆಯ ಆಚೀಚೆ ಎರಡೂ ದಂಡೆಗಳು ತತ್ತರಿಸಿದವು.

ಸರ್ಕಾರವೇ ಊಟದ ಖರ್ಚು ಕಡಿತಗೊಳಿಸಲು ಹೊರಟರೆ ಏನಾಗುತ್ತದೆ ಎಂಬುದಕ್ಕೆ ಆ ಬರ ಕೊಟ್ಟ ಉದಾಹರಣೆ ಮರೆಯಬಾರದ್ದು. ಭಾರತ ಸರ್ಕಾರದ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್ 1877ರ ಆರಂಭದಲ್ಲಿ ಬ್ರಿಟಿಷ್ ಆಳ್ವಿಕೆಯ ಜಿಲ್ಲೆಗಳ ಬರಪರಿಹಾರ ಕಾಮಗಾರಿಯ ಕೂಲಿಯನ್ನು ಇಳಿಸಿದ. ದಿನವಿಡೀ ಕಲ್ಲು ಒಡೆಯುವ ಗಂಡಾಳಿಗೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯದ ಬೆಲೆ, ಅದರ ಮೇಲೆ ಒಂದಿಷ್ಟು ಬಿಡಿಕಾಸು. ಇದನ್ನೇ ‘ಟೆಂಪಲ್ ಕೂಲಿ’ ಎಂದು ಕರೆದರು. ಮದ್ರಾಸ್ ಪ್ರಾಂತ್ಯದ ಆರೋಗ್ಯಾಧಿಕಾರಿ ವಿಲಿಯಂ ಕಾರ್ನಿಶ್, ಇಷ್ಟರಲ್ಲಿ ದುಡಿಯುವ ದೇಹ ಉಳಿಯದು ಎಂದು ಪಟ್ಟು ಹಿಡಿದು ವಾದಿಸಿದ. ಮುಂಬಯಿ ಪ್ರಾಂತ್ಯದ ಕಾಮಗಾರಿಗಳಲ್ಲಿ ಕೂಲಿಯವರು ಕೆಲಸ ಬಿಟ್ಟು ಹೊರನಡೆದರು. ಮದ್ರಾಸಿನಲ್ಲಿ ಕೆಲವೇ ತಿಂಗಳಲ್ಲಿ ಕೂಲಿಯನ್ನು ಏರಿಸಬೇಕಾಯಿತು. ಅಷ್ಟರಲ್ಲಿ ಸತ್ತವರು ಸತ್ತಿದ್ದರು. ಹನ್ನೆರಡು ಬಾಯಿಯ ಮನೆಯಲ್ಲಿ ಮಕ್ಕಳು ಮುದುಕರು ಸೇರಿ ತಲೆಗೆ ಸರಾಸರಿ 400 ಗ್ರಾಂ ಎಂದು ಮೇಲೆ ಹಿಡಿದ ಲೆಕ್ಕದ ಪಕ್ಕದಲ್ಲಿ ಈ ಒಂದು ಪೌಂಡನ್ನು ಇಟ್ಟು ನೋಡಿದರೆ ಸಾಕು. ಟೆಂಪಲ್ ಕೊಟ್ಟದ್ದು ಕಲ್ಲು ಒಡೆಯುವವನಿಗೆ. ಅವನ ಪಾಲಿನಲ್ಲಿ ಬೇಳೆ, ಎಣ್ಣೆ, ಸೊಪ್ಪು ಯಾವುದೂ ಇರಲಿಲ್ಲ.

ಚೀಟಿ ಬಂತು

ಎರಡನೆಯ ಮಹಾಯುದ್ಧದ ಕಾಲದಲ್ಲಿ, ವಿಶೇಷವಾಗಿ 1943ರ ಬಂಗಾಳದ ಕ್ಷಾಮದ ನಂತರ, ಭಾರತದ ನಗರಗಳಿಗೆ ರೇಷನ್ ಚೀಟಿ ಬಂತು. ಹೈದರಾಬಾದ್ ಸಂಸ್ಥಾನದ ಹಳ್ಳಿಗಳಿಗೆ ಅದರ ಜತೆ ಬಂದದ್ದು ‘ಲೇವಿ’. ಬೆಳೆದ ಧಾನ್ಯದಲ್ಲಿ ಇಷ್ಟು ಪಾಲನ್ನು ಸರ್ಕಾರ ನಿಗದಿ ಮಾಡಿದ ಬೆಲೆಗೆ ಕಡ್ಡಾಯವಾಗಿ ಕೊಡಬೇಕು ಎಂಬ ಕಾನೂನು. ತೆಲಂಗಾಣದ ರೈತ ಹೋರಾಟಕ್ಕೆ ಕಿಚ್ಚು ಹಚ್ಚಿದ ಕಾರಣಗಳಲ್ಲಿ ಲೇವಿಯೂ ಒಂದು. 1948ರಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನಗೊಂಡಿತು. 1956ರಲ್ಲಿ ಗುಲಬರ್ಗಾ ಜಿಲ್ಲೆಯೊಂದಿಗೆ ಸುರಪುರ, ಕೊಡೇಕಲ್‌ಗಳು ಮೈಸೂರು ರಾಜ್ಯಕ್ಕೆ ಸೇರಿದವು. ಸೇರು, ಪಾವುಗಳ ಜಾಗಕ್ಕೆ ಕಿಲೊ, ಗ್ರಾಂ ಬಂದದ್ದೂ ಆ ಮುಂದಿನ ಐದಾರು ವರ್ಷಗಳಲ್ಲೇ. ಅಳತೆ ಬದಲಾದಾಗ ಅಂಗಡಿಕಾರ ಮೋಸ ಮಾಡುತ್ತಾನೆಂಬ ಅನುಮಾನ ಹಳ್ಳಿಗಳಲ್ಲಿ ಬಹುಕಾಲ ಉಳಿಯಿತು.

1964ರಲ್ಲಿ ಎರಡು ಘಟನೆಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ನಡೆದವು. ಮೇ 22ರಂದು ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಹಾಕಿದರು. ಅದೇ ವರ್ಷ ದೇಶದ ಮೊದಲ ಹೈಬ್ರಿಡ್ ಜೋಳ ಸಿಎಸ್‌ಎಚ್-1 ಬಿಡುಗಡೆಯಾಯಿತು. ಹೈಬ್ರಿಡ್ ಜೋಳ ಇಳುವರಿ ಕೊಟ್ಟಿತು, ಆದರೆ ದಂಟು ಗಿಡ್ಡ, ದನಕ್ಕೆ ಮೇವು ಕಡಿಮೆ, ರೊಟ್ಟಿಯೂ ಮಾಲದಂಡಿಯಂತೆ ಆಗದು. ಬೀಜವನ್ನು ಮನೆಯ ಹಗೇವಿನಿಂದ ತೆಗೆಯುವಂತಿಲ್ಲ, ವರ್ಷವರ್ಷವೂ ಅಂಗಡಿಯಿಂದಲೇ ತರಬೇಕು. 1972ರ ಬರದಲ್ಲಿ ಅಮೆರಿಕದ ಕೆಂಪು ಜೋಳ ರೇಷನ್ ಅಂಗಡಿಗೆ ಬಂತು. ಅದರ ರೊಟ್ಟಿಯನ್ನು ಉಂಡವರು ಇಂದಿಗೂ ಆ ಬಣ್ಣವನ್ನು ಮರೆತಿಲ್ಲ.

ಕೊಡೇಕಲ್‌ಗೆ ಅನತಿ ದೂರದ ನಾರಾಯಣಪುರದಲ್ಲಿ ಬಸವಸಾಗರ ಜಲಾಶಯ ಸಿದ್ಧವಾಗಿ 1980ರ ದಶಕದಲ್ಲಿ ಎಡದಂಡೆ ಕಾಲುವೆಯ ನೀರು ಹರಿಯತೊಡಗಿದಾಗ ಹೊಲಗಳ ಚಹರೆಯೇ ಬದಲಾಯಿತು. ಜೋಳದ ಎರೆಯಲ್ಲಿ ಬತ್ತದ ಗದ್ದೆ ಬಂತು. ಆಂಧ್ರದ ರೈತರ ‘ಕ್ಯಾಂಪು’ಗಳು ಬಂದವು. ನೀರು ನಿಂತ ಕಡೆ ನೆಲ ಜೌಗಾಯಿತು. ಒಣ ನೆಲವೇ ಹಗೇವಿನ ಜೀವ. ನೆಲದ ಪಸೆ ಮೇಲೇರಿದ ಊರಿನಲ್ಲಿ ಹಗೇವಿಗೆ ಸುರಿದ ಕಾಳು ಮೊಳಕೆಯೊಡೆಯುತ್ತದೆ, ಇಲ್ಲವೇ ಬೂಸ್ಟು ಹಿಡಿಯುತ್ತದೆ. ಹತ್ತಿ, ಮೆಣಸಿನಕಾಯಿ, ಬತ್ತ ಮಾರಿದರೆ ಕೈಗೆ ನಗದು ಬರುವಾಗ ಮೂರು ವರ್ಷದ ಜೋಳವನ್ನು ಹೂತಿಡುವ ಅಗತ್ಯವೂ ಉಳಿಯಲಿಲ್ಲ. ಹಗೇವನ್ನು ಯಾರೂ ಮುಚ್ಚಿಸಲಿಲ್ಲ. ಅವು ಒಂದೊಂದಾಗಿ ಖಾಲಿ ಬಿದ್ದವು, ಆಮೇಲೆ ಕಸ ತುಂಬಿದವು, ಕಡೆಗೆ ಅವುಗಳ ಮೇಲೆ ರಸ್ತೆ ಬಂತು.

ಚೀಟಿ ಮನೆಯನ್ನು ಒಡೆದ ಬಗೆ

ಪಡಿತರ ಅಕ್ಕಿಯ ಕತೆ ಇದರೊಂದಿಗೆ ಹೆಣೆದುಕೊಂಡಿದೆ. ನೆರೆಯ ಆಂಧ್ರದಲ್ಲಿ 1983ರಲ್ಲಿ ಎನ್.ಟಿ. ರಾಮರಾವ್ ಕಿಲೊಗೆ 2 ರೂಪಾಯಿಯ ಅಕ್ಕಿ ಕೊಟ್ಟ ಮೇಲೆ ಅಗ್ಗದ ಅಕ್ಕಿ ದಕ್ಷಿಣದ ರಾಜಕೀಯದ ಮುಖ್ಯ ಭರವಸೆಯಾಯಿತು. ಕರ್ನಾಟಕದಲ್ಲಿ ಹಸಿರು ಕಾರ್ಡು ಬಂತು. 1997ರಲ್ಲಿ ಕೇಂದ್ರ ಸರ್ಕಾರ ಬಡತನ ರೇಖೆಯ ಆಧಾರದ ಮೇಲೆ ಕಾರ್ಡುಗಳನ್ನು ಬೇರ್ಪಡಿಸಿತು. 2000ದ ಡಿಸೆಂಬರಿನಲ್ಲಿ ಅಂತ್ಯೋದಯ ಯೋಜನೆ ಬಂತು. 2013ರ ಜುಲೈನಲ್ಲಿ ಕರ್ನಾಟಕದ ‘ಅನ್ನಭಾಗ್ಯ’ ಯೋಜನೆ ಕಿಲೊಗೆ 1 ರೂಪಾಯಿಯಂತೆ ಅಕ್ಕಿ ಕೊಡತೊಡಗಿ, 2015ರ ಮೇ ತಿಂಗಳಿನಿಂದ ಅದನ್ನು ಉಚಿತ ಮಾಡಿತು.

ದೊಡ್ಡ ಸಂಸಾರದವರಿಗೆ ಇದರಲ್ಲಿ ಒಂದು ತೊಡಕಿತ್ತು. ಅನ್ನಭಾಗ್ಯದ ಮೊದಲ ನಿಯಮದ ಪ್ರಕಾರ ಒಬ್ಬರೇ ಇರುವ ಕಾರ್ಡಿಗೆ 10 ಕಿಲೊ, ಇಬ್ಬರಿಗೆ 20 ಕಿಲೊ, ಮೂವರು ಮತ್ತು ಅದಕ್ಕೆ ಮೇಲ್ಪಟ್ಟವರಿಗೆ 30 ಕಿಲೊ. ಮೂವರ ಮನೆಗೂ 30 ಕಿಲೊ, ಹನ್ನೆರಡು ಮಂದಿಯ ಮನೆಗೂ 30 ಕಿಲೊ. ಮೊದಲ ಮನೆಯಲ್ಲಿ ತಲೆಗೆ 10 ಕಿಲೊ ಬಂದರೆ ಎರಡನೆಯದರಲ್ಲಿ ಎರಡೂವರೆ. ಅದೇ ಹನ್ನೆರಡು ಮಂದಿ ನಾಲ್ಕು ಕಾರ್ಡಾದರೆ 120 ಕಿಲೊ! ಶತಮಾನಗಳ ಕಾಲ ಕೂಡಿದ್ದರೆ ಲಾಭ ಎಂದು ಹೇಳಿಕೊಟ್ಟಿದ್ದ ಲೆಕ್ಕವನ್ನು ಒಂದು ಸರ್ಕಾರಿ ಆದೇಶ ತಲೆಕೆಳಗು ಮಾಡಿತು. ಒಂದೇ ಒಲೆಯ ಮುಂದೆ ಉಣ್ಣುತ್ತಿದ್ದ ಅಣ್ಣತಮ್ಮಂದಿರು ಕಾಗದದ ಮೇಲೆ ಬೇರೆಯಾಗುವುದು ಜಾಣತನವೆನಿಸಿತು. ಇದನ್ನು ಮೋಸ ಎನ್ನುವ ಅಧಿಕಾರಿಗಳು ಉಂಟು. ಆದರೆ ಹನ್ನೆರಡು ಹೊಟ್ಟೆಗೆ ಮೂರು ಹೊಟ್ಟೆಯ ಅಳತೆ ಕೊಟ್ಟ ನಿಯಮವನ್ನೂ ಸರಿ ಎನ್ನುವಂತಿರಲಿಲ್ಲ. ಮುಂದೆ ತಲೆಗೆ ಇಷ್ಟು ಎಂಬ ಲೆಕ್ಕ ಬಂದ ಮೇಲೆ ಈ ಅನ್ಯಾಯ ತಪ್ಪಿತು.

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ತಲೆಗೆ ತಿಂಗಳಿಗೆ 5 ಕಿಲೊ ಧಾನ್ಯವನ್ನು ಹಕ್ಕಾಗಿಸಿದೆ. 2023ರ ಜುಲೈನಿಂದ ಕರ್ನಾಟಕ ಸರ್ಕಾರ ಇನ್ನೂ 5 ಕಿಲೊ ಕೊಡಲು ಹೊರಟು, ಅಕ್ಕಿ ಸಿಗದೆ ಕಿಲೊಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿಯನ್ನು ಬ್ಯಾಂಕ್ ಖಾತೆಗೆ ಹಾಕಿತು. 2025ರ ಆರಂಭದಲ್ಲಿ ಹಣದ ಬದಲು ಅಕ್ಕಿಯನ್ನೇ ಕೊಡಲು ತೀರ್ಮಾನಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಆ ಹೆಚ್ಚುವರಿ ಅಕ್ಕಿಗೆ ಬದಲಾಗಿ ಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಕಿಟ್ ನೀಡುವ ನಿರ್ಣಯವನ್ನು ಸಚಿವ ಸಂಪುಟ ಕೈಗೊಂಡಿತು.

ಈ ಕೊನೆಯ ನಿರ್ಣಯದಲ್ಲಿ ಅರ್ಥವಿದೆ. ಇಂದು ಹಳ್ಳಿಯ ಮನೆಯ ಸಂತೆ ಖರ್ಚನ್ನು ಏರಿಸುತ್ತಿರುವುದು ಅಕ್ಕಿಯಲ್ಲ. ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ 1999-2000ದಲ್ಲಿ ಗ್ರಾಮೀಣ ಭಾರತದ ಮನೆಯ ಖರ್ಚಿನಲ್ಲಿ ನೂರಕ್ಕೆ ಸುಮಾರು 59 ಪಾಲು ಆಹಾರಕ್ಕೆ, ಅದರಲ್ಲಿ 22 ಪಾಲು ಏಕದಳ ಧಾನ್ಯಕ್ಕೇ ಹೋಗುತ್ತಿತ್ತು. 2022-23ರ ಸಮೀಕ್ಷೆಯಲ್ಲಿ ಆಹಾರದ ಪಾಲು ಸುಮಾರು 46ಕ್ಕೆ ಇಳಿದಿದೆ, ಧಾನ್ಯದ್ದು ಸುಮಾರು 5ಕ್ಕೆ. ಎಂಗೆಲ್ಲನ ನಿಯಮ ಈ ದೇಶದಲ್ಲೂ ನಿಜವಾಗುತ್ತಿದೆ. ಸವಾಯಿ, ದೀಡಪಟ್ಟಿನ ಜೋಳಕ್ಕಾಗಿ ಸಾಹುಕಾರನ ಕಟ್ಟೆಯ ಕೆಳಗೆ ಉಡಿ ಒಡ್ಡಿ ನಿಲ್ಲುವ ಪಾಡು ಕೂಲಿಯವರಿಗೆ ತಪ್ಪಿದೆ. ಪಡಿತರ ಅಕ್ಕಿಯನ್ನು ಹೀಗಳೆಯುವವರು ಇದನ್ನು ಮರೆಯಬಾರದು.

ಕಳೆದುಕೊಂಡದ್ದೂ ಇಲ್ಲದಿಲ್ಲ. ಅಕ್ಕಿ ಪುಕ್ಕಟೆ, ಬಿಳಿಜೋಳ ದುಬಾರಿ. ಹೀಗಾಗಿ ಜೋಳ ಬೆಳೆವ ಸೀಮೆಯಲ್ಲೇ ರೊಟ್ಟಿ ಒಂದು ಹೊತ್ತಿಗೆ ಇಳಿದಿದೆ. ಕುಸುಬಿಯ ಸಾಲು ಹೋಗಿ ತಾಳೆಎಣ್ಣೆಯ ಪೊಟ್ಟಣ ಬಂದಿದೆ. ತೊಗರಿಯ ವಿಷಯವಂತೂ ವಿಚಿತ್ರ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಆದರೆ ಅದನ್ನು ಬೆಳೆವ ರೈತ ಇಡೀ ಕಾಳನ್ನು ಸುಗ್ಗಿಯ ಬೆಲೆಗೆ ಮಾರುಕಟ್ಟೆಯಲ್ಲಿ ಸುರಿದು, ಮಿಲ್ಲಿನಲ್ಲಿ ಒಡೆದ ಬೇಳೆಯನ್ನು ಅಂಗಡಿಯ ಬೆಲೆಗೆ ಕಿಲೊ ಲೆಕ್ಕದಲ್ಲಿ ಕೊಂಡು ತರುತ್ತಾನೆ. ಮನೆಯ ಬೀಸುವ ಕಲ್ಲು ಹಿತ್ತಲಲ್ಲಿ ಬಿದ್ದಿದೆ. ಅದನ್ನು ಮತ್ತೆ ತಿರುಗಿಸು ಎಂದು ಇಂದಿನ ಸೊಸೆಗೆ ಹೇಳುವ ಧೈರ್ಯ ಯಾರಿಗೂ ಇಲ್ಲ, ಇರಬೇಕಾಗಿಯೂ ಇಲ್ಲ. ಊರಿಗೊಂದು ಸಣ್ಣ ಬೇಳೆ ಗಿರಣಿ ಇದ್ದರೆ ಸಾಕು.

ಬೇಸಿಗೆ ಬಂತೆಂದರೆ ಹುಣಸಗಿ, ಸುರಪುರದ ಬಸ್ ನಿಲ್ದಾಣಗಳಲ್ಲಿ ಗುಳೆ ಹೊರಟವರ ಗಂಟುಮೂಟೆ ಕಾಣಿಸುತ್ತದೆ. ಬೆಂಗಳೂರು, ಪುಣೆ, ಮುಂಬಯಿ, ಗೋವಾಗಳ ಕಟ್ಟಡ ಕೆಲಸಕ್ಕೆ ಹೋಗುವ ಈ ಕುಟುಂಬಗಳಲ್ಲಿ ಮುದುಕರು ಮತ್ತು ಶಾಲೆಗೆ ಹೋಗುವ ಮಕ್ಕಳು ಊರಲ್ಲೇ ಉಳಿಯುತ್ತಾರೆ. ಒಂದು ಸಂಸಾರಕ್ಕೆ ಎರಡು ಒಲೆ. ಹೋದ ಊರಿನಲ್ಲಿ ತಗಡಿನ ಶೆಡ್ಡು, ಮೂಲೆಯ ಅಂಗಡಿ, ಐದು ಹತ್ತು ರೂಪಾಯಿಯ ಎಣ್ಣೆ ಪೊಟ್ಟಣ, ಚಹಪುಡಿ ಪೊಟ್ಟಣ. ಮೊದಲ ಬಟವಾಡೆ ಕೈಗೆ ಬರುವುದು ಎಂಟು ಹತ್ತು ದಿನಗಳ ಮೇಲೆ. ಅದಕ್ಕೇ ಆ ಗಂಟುಗಳಲ್ಲಿ ಹಳೆಯ ಸೀರೆಯಲ್ಲಿ ಸುತ್ತಿದ ಖಡಕ್ ರೊಟ್ಟಿಯ ಪೇರು, ಡಬ್ಬಿಯಲ್ಲಿ ಶೇಂಗಾ ಹಿಂಡಿ, ಇನ್ನೊಂದರಲ್ಲಿ ಕೆಂಪು ಖಾರ ಇದ್ದೇ ಇರುತ್ತವೆ. ಹದಿನೈದು ದಿನಕ್ಕೆ ಎಷ್ಟು ಬೇಕು ಎಂದು ಎಣಿಸಿ ಕಟ್ಟಿಕೊಟ್ಟವಳು ಮನೆಯಲ್ಲೇ ಉಳಿದ ಅಜ್ಜಿ.